ಮೊದಲ ಮೆಟಲ್ ಡಿಟೆಕ್ಟರ್ ತಗೊಳ್ಳುವಾಗ ಯಾರ ರಿವ್ಯೂ ನಂಬೋದು?

ಪ್ರಶ್ನೆ: ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಇದ್ದೇನೆ. ಪರಿಚಯದ ರೈತರೊಬ್ಬರು ತಮ್ಮ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಲು ಒಪ್ಪಿದ್ದಾರೆ. ಸುಮಾರು 300 ಪೌಂಡ್ ಒಳಗೆ ಮೊದಲ ಮಷೀನ್ ತಗೋಬೇಕು. ರಿವ್ಯೂ ಓದಿದಷ್ಟೂ ತಲೆ ಕೆಡ್ತಿದೆ. ಯಾವುದನ್ನು ನಂಬಲಿ?

ಉತ್ತರ:

ರೈತರು ಒಪ್ಪಿದ್ದಾರೆ ಅಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಯಿತು. ಒಳ್ಳೆ ಮಷೀನ್ ಇಟ್ಟುಕೊಂಡು ಹೊಲ ಸಿಗದೆ ಕೂತವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಪಕ್ಕದ ನಾರ್ಫೋಕ್‌ನಲ್ಲಿ ಇದ್ದೇನೆ, ಕೊಯ್ಲು ಮುಗಿದ ಮೇಲೆ ಹೊಲಗಳಲ್ಲೇ ನನ್ನ ಭಾನುವಾರ ಕಳೆಯುತ್ತದೆ. ಹಾಗಾಗಿ ನಿಮ್ಮ ನೆಲಕ್ಕೆ ಹೊಂದುವಂತೆ ಹೇಳಬಲ್ಲೆ.

ಯಾವುದೇ ರಿವ್ಯೂ ಸಿಕ್ಕರೂ ನಾನು ಮೊದಲು ಹುಡುಕುವುದು ಎರಡು ವಿಷಯ. ಬರೆದವರು ಯಾವ ಮಣ್ಣಿನಲ್ಲಿ ಓಡಾಡಿದರು? ಏನನ್ನು ಹುಡುಕುತ್ತಿದ್ದರು? ಇವೆರಡು ಇಲ್ಲದ ರಿವ್ಯೂ ಎಷ್ಟೇ ಉದ್ದ ಇರಲಿ, ಎಷ್ಟೇ ಸ್ಟಾರ್ ಇರಲಿ, ನಿಮಗೆ ಉಪಯೋಗ ಇಲ್ಲ.

ಯಾಕೆ ಅಂದರೆ, ಮಷೀನಿನ ತುದಿಯಲ್ಲಿರುವ ತಟ್ಟೆಯಂಥ ಭಾಗ, ಅಂದರೆ ಕಾಯಿಲ್, ಕಳಿಸುವ ಕಾಂತಕ್ಷೇತ್ರಕ್ಕೆ ಲೋಹ ಮಾತ್ರ ಉತ್ತರ ಕೊಡುವುದಿಲ್ಲ, ಮಣ್ಣೂ ಕೊಡುತ್ತದೆ. ಸಮುದ್ರದ ದಡದ ಒದ್ದೆ ಮರಳಿನಲ್ಲಿ ಉಪ್ಪುನೀರಿನಲ್ಲೇ ಕರೆಂಟ್ ಹರಿಯುವುದರಿಂದ ಒಂದೇ ಫ್ರೀಕ್ವೆನ್ಸಿಯ ಮಷೀನ್ ಸುಮ್ಮಸುಮ್ಮನೆ ಕೂಗುತ್ತದೆ. ಅಲ್ಲಿ ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಳಸುವ ಮಷೀನ್ ಬೇಕು. ಆಸ್ಟ್ರೇಲಿಯಾದ ಚಿನ್ನದ ಸೀಮೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟಿರುತ್ತದೆ ಅಂದರೆ, ಚಿನ್ನ ಹುಡುಕುವವರು ಪಲ್ಸ್ ಇಂಡಕ್ಷನ್ ಅನ್ನೋ ಬೇರೆಯೇ ಬಗೆಯ ದುಬಾರಿ ಮಷೀನ್ ಬಳಸುತ್ತಾರೆ. ನಿಮ್ಮ ಹೊಲದ ತೊಂದರೆ ಇನ್ನೊಂದು. ನೂರಾರು ವರ್ಷ ಉಳುಮೆ ಆದ ನೆಲ ಅದು. ಮೊಳೆ, ಲಾಳದ ಚೂರು, ಟ್ರಾಕ್ಟರ್ ಬೋಲ್ಟ್, ಬೇಲಿ ತಂತಿ ಎಲ್ಲ ಅದರೊಳಗೆ ಸೇರಿರುತ್ತದೆ. ಫ್ಲೋರಿಡಾ ಬೀಚಿನಲ್ಲಿ ನಿಂತು ಒಬ್ಬರು 'ಇದಕ್ಕಿಂತ ಒಳ್ಳೆ ಮಷೀನ್ ಇಲ್ಲ' ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತು ನಿಮ್ಮ ಹೊಲಕ್ಕೆ ಬರುವುದಿಲ್ಲ.

ಹುಡುಕುವ ವಸ್ತುವಿನ ಕತೆಯೂ ಹೀಗೇ. ಅಮೆರಿಕದ ಬಹಳಷ್ಟು ವಿಡಿಯೋಗಳಲ್ಲಿ ಆಳ ಅಳೆಯುವುದು ಕ್ವಾರ್ಟರ್ ನಾಣ್ಯ ಇಟ್ಟು. ಅದು 24 ಮಿಲಿಮೀಟರ್ ಅಗಲ, 5.67 ಗ್ರಾಂ ತೂಕ. ನಿಮ್ಮ ಹೊಲದಲ್ಲಿ ಮನಸ್ಸು ಕುಣಿಸುವ ನಾಣ್ಯ ಅಂದರೆ ಮಧ್ಯಕಾಲದ ಹ್ಯಾಮರ್ಡ್, ಅಂದರೆ ಸುತ್ತಿಗೆಯಿಂದ ಹೊಡೆದು ಅಚ್ಚು ಹಾಕಿದ, ಬೆಳ್ಳಿ ಪೆನ್ನಿ. ಸುಮಾರು 18 ಮಿಲಿಮೀಟರ್, ಒಂದೂವರೆ ಗ್ರಾಂ ಕೂಡ ಇರುವುದಿಲ್ಲ, ಉಗುರಿನಷ್ಟು ತೆಳು. ಅದೂ ಇಡಿಯಾಗಿ ಸಿಗುತ್ತದೆ ಅಂತಿಲ್ಲ. 1279ರ ಸುಮಾರಿಗೆ ದುಂಡನೆಯ ಚಿಲ್ಲರೆ ನಾಣ್ಯ ಬರುವ ತನಕ ಪೆನ್ನಿಯನ್ನೇ ಕತ್ತರಿಸಿ ಅರ್ಧ, ಕಾಲು ಮಾಡುತ್ತಿದ್ದರು. ಅಂಥ ಕಾಲು ಚೂರನ್ನು ಯಾವ ಮಷೀನ್ ಹಿಡಿಯುತ್ತದೆ ಅಂತ ತಿಳಿಯಬೇಕಾದರೆ ಬ್ರಿಟನ್ನಿನ ಹೊಲಗಳಲ್ಲಿ ಓಡಾಡಿದವರ ಮಾತನ್ನೇ ಕೇಳಬೇಕು.

ಇನ್ನು ಆಳದ ಲೆಕ್ಕ. ರಿವ್ಯೂಗಳಲ್ಲಿ ಅತಿ ಹೆಚ್ಚು ಗದ್ದಲ ಆಗುವುದು ಇದರ ಬಗ್ಗೆ, ನನ್ನ ಪ್ರಕಾರ ಅತಿ ಕಡಿಮೆ ಉಪಯೋಗದ ಅಂಕಿಯೂ ಇದೇ. ಸಣ್ಣ ವಸ್ತು ಕಾಯಿಲ್‌ನಿಂದ ದೂರ ಹೋದಂತೆ ಸಿಗ್ನಲ್ ಧಡಕ್ಕನೆ ಬೀಳುತ್ತದೆ. ದೂರ ಎರಡರಷ್ಟಾದರೆ ವಾಪಸ್ ಬರುವ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಗುವ ದಾರಿಯಲ್ಲಿ ಎಂಟು ಪಟ್ಟು ನಷ್ಟ, ಬರುವ ದಾರಿಯಲ್ಲಿ ಮತ್ತೆ ಎಂಟು ಪಟ್ಟು. ಆದ್ದರಿಂದ 'ನನ್ನದು ಅದರ ಎರಡರಷ್ಟು ಆಳ ಹೋಗುತ್ತೆ' ಅಂತ ಒಂದೇ ಬಗೆಯ, ಒಂದೇ ಅಳತೆಯ ಕಾಯಿಲ್ ಇರುವ ಎರಡು ಮಷೀನ್ ಬಗ್ಗೆ ಯಾರಾದರೂ ಬರೆದರೆ ಅಲ್ಲಿಗೇ ಓದುವುದು ನಿಲ್ಲಿಸಿ. ಗಾಳಿಯಲ್ಲಿ ನಾಣ್ಯ ಆಡಿಸಿ ಅಳೆದ ಆಳವೂ ಬೇಡ, ಅಲ್ಲಿ ಮಣ್ಣೇ ಇಲ್ವಲ್ಲ. ಅದೂ ಅಲ್ಲದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಡಿಟೆಕ್ಟಿಂಗ್ ನೀತಿಸಂಹಿತೆ ಪ್ರಕಾರ ನೇಗಿಲು ಹೋಗುವಷ್ಟು ಆಳದ ಒಳಗೇ ಅಗೆಯಬೇಕು. ಅದರ ಕೆಳಗೆ ಕದಡದೆ ಉಳಿದ ಪದರ ಪುರಾತತ್ವದವರಿಗೆ ಬೇಕು. ನೀವು ಅಗೆಯಬಾರದ ಆಳಕ್ಕೆ ದುಡ್ಡು ಕೊಡುವುದು ಯಾಕೆ?

ಆಳದ ಬದಲು ರಿಕವರಿ ಸ್ಪೀಡ್ ಬಗ್ಗೆ ಬರೆದವರನ್ನು ಹುಡುಕಿ. ಅಂದರೆ ಒಂದು ಸಿಗ್ನಲ್ ಮುಗಿಸಿ ಇನ್ನೊಂದಕ್ಕೆ ಮಷೀನ್ ಎಷ್ಟು ಬೇಗ ತಯಾರಾಗುತ್ತದೆ ಅನ್ನೋದು. ಇದನ್ನು ತೋರಿಸಲು ಸುಲಭದ ಪರೀಕ್ಷೆ ಇದೆ. ತುಕ್ಕು ಹಿಡಿದ ಎರಡು ಹಳೇ ಮೊಳೆ ನೆಲದ ಮೇಲಿಟ್ಟು ಮಧ್ಯೆ ಒಂದು ಬೆಳ್ಳಿ ನಾಣ್ಯ ಇಡುತ್ತಾರೆ. ನೆಲಕ್ಕೆ ಕೂದಲೆಳೆಯಷ್ಟು ಮೇಲೆ ಕಾಯಿಲ್ ಬೀಸುತ್ತಾರೆ. ಮೊದಲ ಮೊಳೆಗೆ 'ಗುರ್' ಅಂತ ದಪ್ಪ ಸದ್ದು. ಮಷೀನ್ ಚುರುಕಾಗಿದ್ದರೆ ಎರಡು ಗುರ್ ನಡುವೆ ಚಿಕ್ಕದಾಗಿ, ತೆಳುವಾಗಿ 'ಕೀಂ' ಅಂತ ಕೇಳುತ್ತದೆ. ನಿಧಾನದ ಮಷೀನ್ ಆದರೆ ಮೊದಲ ಮೊಳೆಯ ಸದ್ದು ಮುಗಿಯುವಷ್ಟರಲ್ಲಿ ಕಾಯಿಲ್ ನಾಣ್ಯವನ್ನು ದಾಟಿಬಿಟ್ಟಿರುತ್ತದೆ. ಒಂದೇ ಉದ್ದನೆಯ ಗುರ್, ಅಷ್ಟೆ. ಆಮೇಲೆ ಅದೇ ಜಾಗದಲ್ಲಿ ಪಕ್ಕಕ್ಕೆ ತಿರುಗಿ ನಿಂತು ಬೀಸಿ, ಬೀಸುವ ವೇಗ ಬದಲಿಸಿ, ಯಾವ ಸೆಟ್ಟಿಂಗ್‌ನಲ್ಲಿ ಕೇಳಿತು, ಯಾವುದರಲ್ಲಿ ಕೇಳಲಿಲ್ಲ ಅಂತ ಹೇಳಿದರೆ ಅವರು ನಿಜವಾಗಿ ಕೆಲಸ ಗೊತ್ತಿರುವವರು. ಅವರ ಬೇರೆ ರಿವ್ಯೂಗಳನ್ನೂ ನೋಡಿ. ಹೆಡ್‌ಫೋನ್ ಹಾಕಿಕೊಂಡು ನೋಡಿ, ಸದ್ದೇ ಇಲ್ಲಿ ಮುಖ್ಯ.

ಕೆಟ್ಟ ರಿವ್ಯೂಗಳಲ್ಲಿ ಪದೇ ಪದೇ ಬರುವ ದೂರು ಒಂದಿದೆ: 'ಯಾವ ಲೋಹ ಅಂತ ಸೂಚಿಸುವ ಪರದೆ ಮೇಲಿನ ನಂಬರು ಕುಣಿಯುತ್ತೆ, ಬೆಳ್ಳಿ ಅಂತ ತೋರಿಸಿ ಕಬ್ಬಿಣ ಕೊಡ್ತು.' ಇದು ಮಷೀನಿನ ದೋಷ ಆಗಬೇಕಾಗಿಲ್ಲ. ಆಳದಲ್ಲಿ ಓರೆಯಾಗಿ ಬಿದ್ದ ನಾಣ್ಯ, ಪಕ್ಕದಲ್ಲಿ ಕಬ್ಬಿಣ ಇದ್ದರೆ ನಂಬರು ಕುಣಿಯುವುದು ಸಹಜ. ದೊಡ್ಡ, ಚಪ್ಪಟೆಯಾದ ತುಕ್ಕು ಕಬ್ಬಿಣ ಒಳ್ಳೆ ಲೋಹದ ನಂಬರು ತೋರಿಸುವುದು ಎಲ್ಲ ಮಷೀನಿನಲ್ಲೂ ಇದ್ದದ್ದೇ. ಮೊದಲ ವಾರದಲ್ಲಿ ಬರೆದ ಒಂದು ಸ್ಟಾರ್ ಮತ್ತು ಮೊದಲ ವಾರದಲ್ಲಿ ಬರೆದ ಐದು ಸ್ಟಾರ್, ಎರಡನ್ನೂ ಬದಿಗಿಡಿ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವರು ಕೇಬಲ್, ಚಾರ್ಜಿಂಗ್ ಪೋರ್ಟ್, ತೋಳಿನ ನೋವು ಅಂತೆಲ್ಲ ಬರೆದಿರುತ್ತಾರೆ. ಅದು ಚಿನ್ನದಂಥ ಮಾಹಿತಿ.

ದೂರುಗಳನ್ನು ನಿಮಗೆ ಬೇಕಾದ್ದು, ಬೇಡವಾದ್ದು ಅಂತ ಜರಡಿ ಹಿಡಿಯಬೇಕು. ನಿಮ್ಮ ಬಜೆಟ್ಟಿನ ಸುತ್ತಮುತ್ತ ಹೆಸರು ಕೇಳಿಬರುವ ಎರಡು ಮಷೀನ್ ತಗೊಳ್ಳಿ. ನೋಕ್ಟಾ ಕಂಪನಿಯ ಸಿಂಪ್ಲೆಕ್ಸ್ ಒಂದೇ ಫ್ರೀಕ್ವೆನ್ಸಿಯದು. ಉಪ್ಪು ಮರಳಿನಲ್ಲಿ ತಡಬಡಾಯಿಸುತ್ತದೆ ಅನ್ನೋ ದೂರು ನ್ಯಾಯವಾದದ್ದೇ, ಆದರೆ ನೀವು ಬೀಚಿಗೆ ಹೋಗದಿದ್ದರೆ ಅದು ನಿಮಗೆ ಸಂಬಂಧವಿಲ್ಲ. ಅದರ ಬದಲು ಇಡೀ ಮಷೀನ್ ನೀರಿಗೆ ಹೆದರುವುದಿಲ್ಲ ಅನ್ನೋದು ಇಲ್ಲಿನ ಮಳೆಯಲ್ಲಿ ದೊಡ್ಡ ಅನುಕೂಲ. ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ 440 ಹಲವು ಫ್ರೀಕ್ವೆನ್ಸಿಯದು, ಬೀಚಿಗೂ ಸೈ. ಮಣ್ಣಿನಿಂದ ಬರುವ ಸಿಗ್ನಲ್ ಕಳೆಯುವ ಗ್ರೌಂಡ್ ಬ್ಯಾಲೆನ್ಸ್ ಅನ್ನು ಕೈಯಾರೆ ಹೊಂದಿಸಲು ಆಗುವುದಿಲ್ಲ ಅಂತ ಅನುಭವಿಗಳು ಬೈಯುತ್ತಾರೆ. ಸಾಧಾರಣ ಹೊಲದಲ್ಲಿ ಕಲಿಯುವವರಿಗೆ ಅದು ಕೊರತೆ ಅನ್ನಿಸುವುದಿಲ್ಲ. ಆದರೆ ಕಾಯಿಲ್ ಮಾತ್ರ ನೀರಿಗೆ ತಡೆಯುತ್ತದೆ, ಮೇಲಿನ ಡಬ್ಬಕ್ಕೆ ಮಳೆಯ ಹೊದಿಕೆ ಬೇಕು. ಈ ದೂರು ನಿಮಗೆ ಸಂಬಂಧಪಟ್ಟದ್ದು. ನಿಮ್ಮ ಜಾಗದಲ್ಲಿ ನಾನಿದ್ದರೆ, ಹೊಲ ಮಾತ್ರ ಅಂದರೆ ಸಿಂಪ್ಲೆಕ್ಸ್, ಬೀಚ್ ಕೂಡ ಇದೆ ಅಂದರೆ ವ್ಯಾಂಕ್ವಿಶ್.

ರಿವ್ಯೂ ತಾರೀಖು ನೋಡುವುದನ್ನು ಮರೆಯಬೇಡಿ. ಈಗಿನ ಮಷೀನುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ. ಎಕ್ಸ್‌ಪಿ ಕಂಪನಿಯ ಡಿಯಸ್ ಮಷೀನ್ ಹಾಗೆ ಎಷ್ಟೋ ವರ್ಷನ್ ಕಂಡಿತು. ಹಳೇ ವರ್ಷನ್ ಬಗ್ಗೆ ಬರೆದ ದೂರು ಇವತ್ತಿನ ಮಷೀನಿಗೆ ಅನ್ವಯಿಸದೇ ಇರಬಹುದು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ರಿವ್ಯೂ ಕೆಳಗೆ 'ಇಲ್ಲಿ ಕೊಳ್ಳಿ' ಲಿಂಕ್ ಇದ್ದರೆ ಅವರಿಗೆ ಕಮಿಷನ್ ಇರಬಹುದು. ಅಷ್ಟಕ್ಕೇ ತಳ್ಳಿಹಾಕಬೇಡಿ. ಹತ್ತು ಮಷೀನ್ ಬಗ್ಗೆ ಬರೆದು ಹತ್ತನ್ನೂ ಹೊಗಳಿದ್ದರೆ ಆಗ ತಳ್ಳಿಹಾಕಿ. ಕಂಪನಿ ಪುಕ್ಕಟೆ ಕೊಟ್ಟ ಮಷೀನ್ ಅಂತ ಮುಂಚೆಯೇ ಹೇಳಿ, ಅದು ಎಲ್ಲಿ ಸೋಲುತ್ತದೆ ಅಂತಲೂ ತೋರಿಸುವವರು ಇದ್ದಾರೆ, ಅವರನ್ನು ನಾನು ನಂಬುತ್ತೇನೆ. ಹೊಲದ ವಿಡಿಯೋಗಳಲ್ಲಿ ಸಿಕ್ಕಿದ್ದನ್ನೆಲ್ಲ ಮಷೀನ್ ಲೆಕ್ಕಕ್ಕೆ ಹಾಕಬೇಡಿ. ಇಡೀ ದಿನದ ಮೊಳೆ, ಫಾಯಿಲ್ ಎಲ್ಲ ಕತ್ತರಿಸಿ ಹದಿನೈದು ನಿಮಿಷ ಉಳಿಸಿರುತ್ತಾರೆ. ಅದೂ ಅಲ್ಲದೆ, ಏನು ಸಿಗುತ್ತದೆ ಅನ್ನೋದು ಜಾಗದ ಮೇಲೆ ನಿಂತಿದೆ. 2009ರಲ್ಲಿ ಟೆರ್ರಿ ಹರ್ಬರ್ಟ್ ಅನ್ನುವವರಿಗೆ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಆಂಗ್ಲೋ ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು, ಬೆಲೆ ಕಟ್ಟಿದ್ದು 32.85 ಲಕ್ಷ ಪೌಂಡ್. ಅವರ ಕೈಲಿದ್ದದ್ದು ವರ್ಷಗಟ್ಟಲೆ ಹಳೆಯದಾದ ಸಾಧಾರಣ ಮಷೀನ್.

ಒಂದು ಬಗೆಯ ರಿವ್ಯೂಗೆ ಮಾತ್ರ ಕಿವಿ ಕೊಡಲೇಬೇಡಿ. ಆಂಟೆನಾ ಕಡ್ಡಿ ತಿರುಗಿ ನೂರಾರು ಮೀಟರ್ ದೂರದ ಚಿನ್ನ ತೋರಿಸುತ್ತದೆ ಅನ್ನುವ 'ಲಾಂಗ್ ರೇಂಜ್' ಉಪಕರಣಗಳು. ಕಡ್ಡಿ ತಿರುಗುವುದು ಹಿಡಿದವರ ಕೈ ಅಲುಗಾಟಕ್ಕೆ. ಇದೇ ತತ್ವದ ಎಡಿಇ 651 ಅನ್ನೋ ನಕಲಿ ಬಾಂಬ್ ಪತ್ತೆ ಯಂತ್ರವನ್ನು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಲಂಡನ್ನಿನಲ್ಲಿ 10 ವರ್ಷ ಜೈಲಾಯಿತು. ನಮ್ಮ ಕಡೆ ನಿಧಿ ಆಸೆಗೆ ಪಾಳು ದೇವಸ್ಥಾನ ಅಗೆಯುವವರಿಗೂ ಇಂಥ ಕಡ್ಡಿಗಳನ್ನೇ ಮಾರುತ್ತಾರೆ. ಊರಿಂದ ಯಾರಾದರೂ 'ಒಂದು ತಗೊಂಡು ಬಾ' ಅಂದರೆ ದಯವಿಟ್ಟು ಬೇಡ ಅನ್ನಿ.

ಕೊನೆಯದಾಗಿ, 300 ಪೌಂಡ್ ಪೂರ್ತಿ ಮಷೀನಿಗೇ ಹಾಕಬೇಡಿ. ಅಗೆದ ಹೆಂಟೆಯೊಳಗೆ ನಾಣ್ಯ ಎಲ್ಲಿದೆ ಅಂತ ತೋರಿಸುವ ಪಿನ್‌ಪಾಯಿಂಟರ್ ಬೇಕೇ ಬೇಕು. ಗ್ಯಾರೆಟ್ ಕಂಪನಿಯ ಕಿತ್ತಳೆ ಬಣ್ಣದ್ದಕ್ಕೆ ಎಲ್ಲರೂ 'ಕ್ಯಾರೆಟ್' ಅಂತಲೇ ಕರೆಯುತ್ತಾರೆ. ಅದರ ನಕಲಿಗಳು ಬಹಳ ಇವೆ, ಬೆಲೆ ತೀರಾ ಕಡಿಮೆ ಕಂಡರೆ ಅಧಿಕೃತ ಡೀಲರ್ ಹತ್ತಿರವೇ ಕೇಳಿ. ಮೆಟಲ್ ಡಿಟೆಕ್ಟರ್ ಹಿಡಿಯುವವರ ರಾಷ್ಟ್ರೀಯ ಸಂಘ ಎನ್‌ಸಿಎಂಡಿಯ ಸದಸ್ಯತ್ವ ತಗೊಂಡರೆ ವಿಮೆ ಜೊತೆಗೇ ಬರುತ್ತದೆ, ರೈತರಿಗೂ ಧೈರ್ಯ. ಸಂರಕ್ಷಿತ ಸ್ಮಾರಕದ ಗಡಿ ಹೊಲದೊಳಗೆ ಬಂದಿದೆಯಾ ಅಂತ ಮೊದಲೇ ನಕ್ಷೆಯಲ್ಲಿ ನೋಡಿಕೊಳ್ಳಿ. ನಿಧಿಯ ಬಗೆಗಿನ ಟ್ರೆಷರ್ ಕಾಯ್ದೆಗೆ ಬರುವಂಥದ್ದು ಸಿಕ್ಕರೆ 14 ದಿನದೊಳಗೆ ಕರೋನರ್ ಅನ್ನೋ ಅಧಿಕಾರಿಗೆ ತಿಳಿಸಬೇಕು. ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ನಿಮ್ಮ ಕೌಂಟಿಯ ಫೈಂಡ್ಸ್ ಲಿಯಾಸನ್ ಆಫೀಸರ್ ಇದಕ್ಕೆಲ್ಲ ತಾವೇ ಸಹಾಯ ಮಾಡುತ್ತಾರೆ. ಹೊಲ ಸಮುದ್ರಕ್ಕೆ ಎಷ್ಟು ದೂರ, ಹಿಂದೆ ಅಲ್ಲಿ ಮನೆ ಏನಾದರೂ ಇತ್ತಾ ಅಂತ ರೈತರನ್ನು ಕೇಳಿ ಇಲ್ಲಿ ಬರೆಯಿರಿ, ಕಾಯಿಲ್ ಯಾವ ಸೈಜು ಬೇಕು ಅಂತ ಆಗ ಹೇಳುತ್ತೇನೆ.