ಮಂಚದಿಂದ ಬೀಳುವ ನೀಮೋ ಮತ್ತು 64 ಪುಟಗಳ ತಲೆನೋವು

ಓದುಗರೊಬ್ಬರ ಪತ್ರ: ‘ಅಮೆರಿಕದ ವಿನ್ಸರ್ ಮೆಕೇ ಅವರ ಹಳೆಯ ಕಾಮಿಕ್ಸ್ ಲಿಟಲ್ ನೀಮೋ ಸಂಕಲನ ತರಿಸಿಕೊಂಡೆ. ಚಿತ್ರಗಳಿಗೆ ಕೈಮುಗಿಯಬೇಕು. ಕತೆ ಮಾತ್ರ ಸೊನ್ನೆ. ಹುಡುಗ ಕನಸು ಕಾಣುತ್ತಾನೆ, ಕೊನೆಯ ಚೌಕದಲ್ಲಿ ಮಂಚದಿಂದ ಬಿದ್ದು ಎಚ್ಚರವಾಗುತ್ತಾನೆ. 40 ಪುಟ ದಾಟುವಷ್ಟರಲ್ಲಿ ಆಕಳಿಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂಥ ಇದನ್ನು ಮೇರುಕೃತಿ ಅನ್ನುವುದೇಕೆ? ಇನ್ನೊಂದು ವಿಷಯ. ನನ್ನ ಸೋದರಳಿಯ 64 ಪುಟದ ಗ್ರಾಫಿಕ್ ಕಾದಂಬರಿ ಮಾಡುತ್ತಿದ್ದಾನೆ. ಎಲ್ಲರೂ ಚಿತ್ರ ಹೊಗಳುತ್ತಾರೆ, ಕತೆಯ ಮಾತು ಬಂದರೆ ಸುಮ್ಮನಾಗುತ್ತಾರೆ. ಮೊದಲ 8 ಪುಟ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ?’

ಸಂಪಾದಕರ ಉತ್ತರ:

ನಿಮ್ಮ ಆಕಳಿಕೆ ನ್ಯಾಯವಾದದ್ದೇ. ಆದರೆ ಅರ್ಧ ತಪ್ಪು ಮೆಕೇಯದಲ್ಲ, ಬೈಂಡಿಂಗಿನದು. ನೀಮೋ ಶುರುವಾದದ್ದು 1905ರ ಅಕ್ಟೋಬರ್ 15ರಂದು, ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಭಾನುವಾರದ ಬಣ್ಣದ ಪುರವಣಿಯಲ್ಲಿ. ವಾರಕ್ಕೆ ಒಂದೇ ಪುಟ. ಅದೂ ಸುಮಾರು 21 ಇಂಚು ಎತ್ತರ, 16 ಇಂಚು ಅಗಲದ ಹಾಳೆ. ಏಳು ದಿನ ಕಾದವನಿಗೆ ಹುಡುಗ ಮತ್ತೆ ಮಂಚದಿಂದ ಬೀಳುವುದು ಹಾಡಿನ ಪಲ್ಲವಿಯ ಹಾಗೆ. ನೀವು ಒಂದೇ ಸಂಜೆ 40 ಸಲ ಪಲ್ಲವಿ ಕೇಳಿದಿರಿ.

ಒಂದು ಪುಟದ ಮಟ್ಟಿಗೆ ಅಲ್ಲಿ ಕತೆ ಇದೆ. 1908ರ ಜುಲೈ 26ರ ಪುಟ ತೆಗೆಯಿರಿ. ಮಂಚದ ಕಾಲುಗಳು ಬೆಳೆಯುತ್ತವೆ, ಮಂಚ ಎದ್ದು ಊರಿನ ಮೇಲೆ ನಡೆಯುತ್ತದೆ. ಕಾಲು ಉದ್ದವಾದ ಹಾಗೆ ಚೌಕಗಳೂ ಎತ್ತರವಾಗುತ್ತವೆ. ಬೀಳುವ ಭಯ ಹುಟ್ಟುವುದು ಮಾತಿನಿಂದಲ್ಲ, ಚೌಕದ ಅಳತೆಯಿಂದ. ಚಿತ್ರವೇ ಕತೆ ಹೇಳುವುದು ಅಂದರೆ ಇದು.

ಮೆಕೇ ಸೋತದ್ದು ಎರಡು ಕಡೆ. ಮೊದಲನೆಯದು ಮಾತು. ಪಾತ್ರಗಳ ಮಾತು ಬರೆಯುವ ಬಲೂನುಗಳನ್ನು ಭೂತಗನ್ನಡಿ ಹಿಡಿದು ನೋಡಿ: ಚಿತ್ರವೆಲ್ಲ ಮುಗಿದ ಮೇಲೆ ನೆನಪಾಗಿ ತುರುಕಿದಂತಿವೆ, ಅಂಚಿಗೆ ಬಂದಾಗ ಅಕ್ಷರ ಇಕ್ಕಟ್ಟಾಗುತ್ತದೆ. ಆಡುವ ಮಾತೂ ಕಣ್ಣಿಗೆ ಕಾಣುತ್ತಿರುವುದರದ್ದೇ ವರದಿ. ಆರಂಭದ ಕಂತುಗಳಲ್ಲಂತೂ ಚೌಕದ ಕೆಳಗೆ ಅದೇ ಸಂಗತಿಯನ್ನು ಇನ್ನೊಮ್ಮೆ ಬರೆದಿದ್ದರು. ಎರಡನೆಯದು ಆಸೆ. ನಿದ್ರಾಲೋಕದ ರಾಜಕುಮಾರಿಯನ್ನು ಸೇರಬೇಕು ಎಂಬ ಹಗ್ಗ ತಿಂಗಳುಗಟ್ಟಲೆ ಬಿಗಿಯಾಗಿರುತ್ತದೆ. ಸೇರಿದ ಮೇಲೆ ಸಡಿಲ. ಎಚ್ಚರವಾದರೆ ನೀಮೋ ಏನನ್ನು ಕಳೆದುಕೊಳ್ಳುತ್ತಾನೆ? ಏನೂ ಇಲ್ಲ, ಮುಂದಿನ ವಾರ ಮತ್ತೆ ಹೋಗುತ್ತಾನೆ. ಯಕ್ಷಗಾನ ನೋಡುವವರಿಗೆ ಇದು ಗೊತ್ತು: ವೇಷ ರಂಗ ತುಂಬಿದರೂ ಅರ್ಥ ಸಪ್ಪೆಯಾದರೆ ಬೆಳಗಿನವರೆಗೆ ಕೂರುವುದು ಕಷ್ಟ.

ಇನ್ನು ಅಳಿಯನ ಪುಟಗಳು. ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 5ನೇ ಪುಟದ ಮಳೆ, ಬಸ್ ನಿಲ್ದಾಣದ ತಗಡಿನ ಅಂಚಿನಿಂದ ಇಳಿಯುವ ನೀರಿನ ದಾರ, ಅದರ ಹಿಂದೆ ಪತ್ರ ಹಿಡಿದ ಹುಡುಗ. ಪುಟ ನಿಂತು ನೋಡಿಸುತ್ತದೆ. ಅಷ್ಟರಲ್ಲಿ ಮೂಲೆಯಲ್ಲಿ, ನಿರೂಪಣೆ ಬರೆಯುವ ಡಬ್ಬಿಯಲ್ಲಿ, ‘ಪತ್ರ ಓದಿ ಅವನಿಗೆ ತುಂಬ ದುಃಖವಾಯಿತು’ ಎಂಬ ಸಾಲು. ಪುಟ ಅಲ್ಲೇ ಸತ್ತಿತು. 6ರಲ್ಲಿ ಬಸ್ ಪ್ರಯಾಣ, 7ರಲ್ಲಿ ಸುಟ್ಟ ಮನೆ. 6 ಮತ್ತು 7 ಎದುರುಬದುರು ಪುಟಗಳು. ಓದುಗ 6ರ ಮೊದಲ ಚೌಕಕ್ಕೆ ಬರುವ ಮೊದಲೇ ಬಲಗಡೆಯ ಸುಟ್ಟ ಮನೆ ಅವನ ಕಣ್ಣಿಗೆ ಬಿದ್ದಿರುತ್ತದೆ. ಗುಟ್ಟು ಯಾವತ್ತೂ ಹಾಳೆ ತಿರುವಿದ ಮೇಲೆ, ಅಂದರೆ ಸಮಸಂಖ್ಯೆಯ ಎಡಪುಟದಲ್ಲಿ ಬಿಚ್ಚಿಕೊಳ್ಳಬೇಕು.

ಹೀಗೆ ಮಾಡಲಿ. ಡಬ್ಬಿಯ ಸಾಲು ತೆಗೆಯಲಿ. ಹುಡುಗ ಪತ್ರ ಒಡೆಯುವುದೇ ಬೇಡ. ಎರಡು ಮಡಿಕೆ ಮಾಡಿ ಜೇಬಿಗಿಡಲಿ. ಬಸ್ಸಿನ ಪುಟ ಆದ ಮೇಲೆ 7ಕ್ಕೆ ಮಾತಿಲ್ಲದ ಹೊಸ ಪುಟ: ಒದ್ದೆ ಜೇಬು, ಅದರ ಮೇಲೆ ಕೈ, ಲಕೋಟೆಯ ಮೇಲೆ ಹರಡಿದ ಶಾಯಿ. ಸುಟ್ಟ ಮನೆ 8ಕ್ಕೆ ಹೋಗುತ್ತದೆ. ಈಗಿನ 8ನೇ ಪುಟ ಅದೇ ಮನೆಯ ಇನ್ನೊಂದು ಕೋನ, ಹೊಸದೇನೂ ಹೇಳುವುದಿಲ್ಲ. ಅದನ್ನು ಬಿಟ್ಟರೆ ಲೆಕ್ಕ 64ರಲ್ಲೇ ಉಳಿಯುತ್ತದೆ. 16 ಪುಟದ ನಾಲ್ಕು ಫಾರಂ (ಒಟ್ಟಿಗೆ ಅಚ್ಚಾಗುವ ಕಂತೆ), ಅಚ್ಚಿಗೂ ತೊಂದರೆಯಿಲ್ಲ.

ಈ ಅದಲುಬದಲು ಮಾಡಬೇಕಾದ್ದು ಪೆನ್ಸಿಲ್ ಗೆರೆಯ ಮೇಲೆ ಇಂಕ್ ಆದ ಮೇಲಲ್ಲ. ಒಂದೊಂದು ಪುಟಕ್ಕೆ ಎರಡು ಮೂರು ದಿನ ಸುರಿದವನಿಗೆ ಅದನ್ನು ಹರಿಯಲು ಮನಸ್ಸು ಬರುವುದಿಲ್ಲ. ಚೆಂದದ ಪುಟ ಉಳಿಸಲು ಕತೆಯನ್ನೇ ಬಗ್ಗಿಸುತ್ತಾನೆ. ಚಿತ್ರ ಗೆದ್ದು ಕತೆ ಸೋಲುವುದಕ್ಕೆ ನಾವು ಕಂಡಂತೆ ಇದೇ ಮುಖ್ಯ ಕಾರಣ. ಜಪಾನಿನ ಮಾಂಗಾ ಕಲಾವಿದರು ‘ನೇಮು’ ಎಂಬ ಒರಟು ಕರಡನ್ನು ಮೊದಲು ಸಂಪಾದಕರಿಗೆ ತೋರಿಸುತ್ತಾರೆ. ಚೌಕ, ಮಾತು, ಗೊಂಬೆಯಂಥ ಮುಖ, ಅಷ್ಟೇ. ಅದು ಒಪ್ಪಿಗೆಯಾಗದೆ ನಿಜವಾದ ಚಿತ್ರ ಶುರುವಾಗುವುದಿಲ್ಲ.

ಅಳಿಯನೂ ಇದನ್ನೇ ಮಾಡಬಹುದು. ಮೊದಲು 64 ಸಾಲು ಬರೆಯಲಿ, ಪುಟಕ್ಕೊಂದು. ಪ್ರತಿ ಸಾಲಿನಲ್ಲಿ ಪುಟದ ಆರಂಭಕ್ಕೂ ಕೊನೆಗೂ ಏನು ಬದಲಾಯಿತು ಎಂಬುದಿರಬೇಕು. ‘ಊರಿನ ನೋಟ’ ಎಂದಷ್ಟೇ ಬರೆಯಲು ತೋಚಿದರೆ ಆ ಪುಟ ಇನ್ನೊಂದರ ಮೂಲೆಗೆ ಹೋಗಲಿ. ಆಮೇಲೆ ಎ4 ಹಾಳೆಯನ್ನು 16 ಮನೆಯಾಗಿ ಮಡಚಿದರೆ ನಾಲ್ಕು ಹಾಳೆಯಲ್ಲಿ ಇಡೀ ಪುಸ್ತಕ ಹಿಡಿಯುತ್ತದೆ. ಪುಟಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಕೊನೆಗೆ 16 ಎ4 ಹಾಳೆ ಅರ್ಧಕ್ಕೆ ಮಡಚಿ ಒಂದರೊಳಗೊಂದು ಸೇರಿಸಿದರೆ 64 ಪುಟದ ಡಮ್ಮಿ, ಅಂದರೆ ಮಾದರಿ ಪುಸ್ತಕ. ಅದನ್ನು ಕೈಯಲ್ಲಿ ಹಿಡಿದು ತಿರುವಿದಾಗಲೇ ಗುಟ್ಟು ಎಲ್ಲಿ ಸೋರುತ್ತಿದೆ ಎಂದು ಕಾಣುವುದು. ಪರದೆಯ ಮೇಲೆ ಕಾಣುವುದಿಲ್ಲ.

ಅಕ್ಷರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಳಿಯ ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನು ಬರೆದಿದ್ದಾನೆ: ಕಿರಿದು, ಉದ್ದ. ಅಲ್ಲಿ ಎಲ್ಲವೂ ದೊಡ್ಡಕ್ಷರ, ಒಂದೇ ಎತ್ತರ, ಸಾಲು ಒತ್ತಾಗಿ ಕೂರುತ್ತದೆ. ನಮ್ಮ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 10 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಿನಂತರವಾದರೂ ಬೇಕು. ‘ಹೋಗಬೇಕಾಗಿತ್ತಲ್ಲ’ ಒಂದೇ ಪದ, ಕಿರಿದಾದ ಬಲೂನಿನಲ್ಲಿ ಎರಡು ತುಂಡಾಗುತ್ತದೆ. ಹಾಗಾಗಿ ಅಗಲವಾದ ಬಲೂನು, ಒಂದಕ್ಕೆ ಹೆಚ್ಚೆಂದರೆ 12 ಪದ. ಪೆನ್ಸಿಲ್ ಹಂತದಲ್ಲೇ ಅಕ್ಷರ ಕೂರಿಸಲಿ. ಮೊದಲು ಮಾತಾಡುವವನು ಎಡಗಡೆ ನಿಲ್ಲಲಿ, ಇಲ್ಲದಿದ್ದರೆ ಬಲೂನಿನ ಬಾಲಗಳು ಒಂದನ್ನೊಂದು ದಾಟುತ್ತವೆ. 3ನೇ ಪುಟದಲ್ಲಿ ಆಗಿರುವುದು ಅದೇ.

ಡಬ್ಬಿಯ ಸಾಲಿಗೆ ಅಳಿಯನೊಬ್ಬನನ್ನೇ ಬೈಯಬೇಡಿ. ನಮ್ಮವರೇ ಆದ, ಕಾರ್ಕಳದ ಅನಂತ ಪೈ 1967ರಲ್ಲಿ ಶುರುಮಾಡಿದ ಅಮರ ಚಿತ್ರ ಕಥೆ ಓದಿ ಬೆಳೆದ ಕಣ್ಣು ನಮ್ಮೆಲ್ಲರದು. ಒಂದಿಡೀ ಪುರಾಣವನ್ನು 32 ಪುಟಕ್ಕೆ ಇಳಿಸುವಾಗ ಡಬ್ಬಿಯಲ್ಲಿ ಹೇಳದೆ ವಿಧಿಯಿರಲಿಲ್ಲ. ಅಳಿಯನ ಕೈಯಲ್ಲಿರುವುದು 64 ಪುಟ, ಒಬ್ಬ ಹುಡುಗ, ಒಂದು ಪತ್ರ.

ಮಳೆಯ ಪುಟ ಜೋಪಾನವಾಗಿರಲಿ, ಅದು ಉಳಿಯುತ್ತದೆ. ಮುಂದಿನ ಸಲ ಇಂಕ್ ಆದ ಪುಟ ಕಳಿಸುವುದು ಬೇಡ, ಆ ನಾಲ್ಕು ಎ4 ಹಾಳೆ ಸಾಕು. ಕಡ್ಡಿಗೊಂಬೆಗಳಾದರೂ ನಡೆಯುತ್ತದೆ.