ಮನೆಯಲ್ಲೇ ತಾಯಿ–ಮಗುವಿನ ಅಧ್ಯಯನ: ಒಪ್ಪಬಹುದೇ?

ಪ್ರಶ್ನೆ: ನನಗೀಗ ಏಳು ತಿಂಗಳು. ಗರ್ಭಿಣಿಯರೂ ಹಸುಗೂಸುಗಳೂ ಭಾವನೆಗಳನ್ನು ಹೇಗೆ ಸಂಭಾಳಿಸುತ್ತಾರೆಂದು ತಿಳಿಯಲು ಸಂಶೋಧಕರು ಮನೆಗೇ ಬಂದು, ಹೆರಿಗೆಯ ನಂತರ ವಿಡಿಯೊ ತೆಗೆಯುತ್ತಾರಂತೆ. ಮಗುವಿಗೆ ದೃಷ್ಟಿಯಾಗುತ್ತದೆಂದು ಅತ್ತೆಯವರು ಬೇಡವೆನ್ನುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ. ಅದೆಲ್ಲ ದಾಖಲಾಗುತ್ತದೆಂಬ ಅಳುಕು. ಆಸ್ಪತ್ರೆಯಲ್ಲೇ ಮಾಡಬಾರದೇ?

– ಓದುಗರೊಬ್ಬರು, ತುಮಕೂರು

ಉತ್ತರ: ಆಸ್ಪತ್ರೆಯಲ್ಲಿ ಅಳೆದರೆ ಹಲವರ ರಕ್ತದೊತ್ತಡವೇ ಏರಿರುತ್ತದೆ, ಅಂಥ ಕಡೆ ಮನಸ್ಸಿನ ಸಹಜ ಸ್ಥಿತಿ ಕಾಣುವುದು ಕಷ್ಟ. ನಿದ್ದೆಗೆಟ್ಟ ಮಗು, ಒಲೆಯ ಮೇಲಿನ ಹಾಲು, ಬಾಗಿಲಲ್ಲಿ ನಿಂತ ನೆಂಟರು, ಇವುಗಳ ನಡುವೆಯೇ ತಾಯಿ ತನ್ನನ್ನೂ ಮಗುವನ್ನೂ ಸಮಾಧಾನಕ್ಕೆ ತಂದುಕೊಳ್ಳುವ ಬಗೆ ತಿಳಿಯುವುದು. ಆದ್ದರಿಂದ ನಿಮಗೆ ಸಿಟ್ಟು ಬರುತ್ತದೆಯೇ ಎಂಬುದಕ್ಕಿಂತ, ಬಂದ ಸಿಟ್ಟು ಹೇಗೆ ಇಳಿಯುತ್ತದೆ ಎಂಬುದೇ ಸಂಶೋಧಕರಿಗೆ ಮುಖ್ಯ.

ಇಂಥ ಅಧ್ಯಯನಗಳಲ್ಲಿ ಹೃದಯ ಬಡಿತವನ್ನು ದಾಖಲಿಸುವುದುಂಟು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆಯಲು ಜೊಲ್ಲಿನ ಮಾದರಿ ಪಡೆಯುವುದೂ ಉಂಟು. ಈ ಹಾರ್ಮೋನು ಗರ್ಭಾವಸ್ಥೆಯಲ್ಲಿ ತಾನಾಗಿಯೇ ಏರುವುದರಿಂದ, ಬೆಳಿಗ್ಗೆ ಹೆಚ್ಚಿದ್ದು ರಾತ್ರಿಯ ಹೊತ್ತಿಗೆ ಇಳಿಯುವುದರಿಂದ, ಒಂದೇ ಅಂಕಿಯನ್ನು ಕಂಡು ಗಾಬರಿಯಾಗಬೇಕಿಲ್ಲ.

ಮಗುವಿನ ವಿಷಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಟವಾಡಿಸುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತು, ಮತ್ತೆ ಮಾತಾಡಿಸುತ್ತಾಳೆ. ಮಗು ಮೊದಲು ಅವಳನ್ನು ಸೆಳೆಯಲು ಹವಣಿಸುತ್ತದೆ. ಫಲಿಸದಿದ್ದರೆ ಮುಖ ತಿರುಗಿಸುತ್ತದೆ, ಬೆರಳು ಚೀಪುತ್ತದೆ, ಕೆಲವೊಮ್ಮೆ ಅಳುತ್ತದೆ. ‘ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ’ ಎಂದು ನೊಂದುಕೊಳ್ಳುವ ಬಾಣಂತಿಯರು ಇದನ್ನು ಗಮನಿಸಬೇಕು: ಅದು ಮುನಿಸಲ್ಲ, ಮಗು ತನ್ನನ್ನು ತಾನೇ ಸಂತೈಸಿಕೊಳ್ಳುವ ಮೊದಲ ಪ್ರಯತ್ನ. ಮಗು ಬಹಳ ಅತ್ತರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಅತ್ತೆಯವರನ್ನೂ ಮಾತುಕತೆಗೆ ಕೂರಿಸಿಕೊಳ್ಳಿ. ಮಗುವಿನ ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟರೆ ಕ್ಯಾಮೆರಾಕ್ಕೇನೂ ಅಡ್ಡಿಯಿಲ್ಲ. ಆದರೆ ಅವರ ಆಕ್ಷೇಪದಲ್ಲಿ ಹುರುಳೂ ಇದೆ: ವಿಡಿಯೊ ಯಾರ ಬಳಿ, ಎಷ್ಟು ಕಾಲ ಇರುತ್ತದೆ, ಮನೆಯ ಉಳಿದವರ ಮಾತು ದಾಖಲಾದರೆ ಏನು ಮಾಡುತ್ತಾರೆ ಎಂಬುದನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಂತೆ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆಯಾಗಬಾರದು. ಖಿನ್ನತೆಯ ಲಕ್ಷಣ ಕಂಡುಬಂದರೆ ಯಾವ ವೈದ್ಯರ ಬಳಿಗೆ ಕಳುಹಿಸುತ್ತಾರೆಂದೂ ವಿಚಾರಿಸಿ. ಇದಕ್ಕೆ ಉತ್ತರವಿಲ್ಲದ ತಂಡಕ್ಕೆ ನಾನಾದರೆ ಒಪ್ಪಿಗೆ ಕೊಡಲಾರೆ.

ಹೆರಿಗೆಗೆ ತವರಿಗೆ ಹೋಗುವವರಿದ್ದರೆ ಅದನ್ನು ಸಂಶೋಧಕರಿಗೆ ಈಗಲೇ ತಿಳಿಸಿ. ಬಾಣಂತನ ಅಲ್ಲೇ ನಡೆಯುವುದಾದರೆ ಅವರು ಬರಬೇಕಾದದ್ದು ಆ ಮನೆಗೆ, ಕೇಳಬೇಕಾದದ್ದು ನಿಮ್ಮ ತಾಯಿಯವರನ್ನೂ.