ಫ್ರಾನ್ಸಿನಲ್ಲಿ ಮಗಳಿಗೆ ನತಾಲಿ ಅಂತ ಇಡಬಹುದಾ?

ನತಾಲಿ ಹೆಸರಿನ ಮೂಲ ಏನು, ಅರ್ಥ ಏನು, ಈಗಲೂ ಇಡುತ್ತಾರಾ ಅಂತ ಕೇಳಿದ್ದೀರಿ. ಅರ್ಥ ಚೆನ್ನಾಗಿಯೇ ಇದೆ. ಲ್ಯಾಟಿನ್ನಿನ 'ನತಾಲಿಸ್'ನಿಂದ ಬಂದದ್ದು, ಹುಟ್ಟಿಗೆ ಸಂಬಂಧಿಸಿದ ಮಾತು. ಕ್ರಿಸ್‌ಮಸ್ಸಿನ ನಂಟೂ ಇದೆ. ಆದರೂ ಇಡಬೇಡಿ.

ನಾವೂ ಅರ್ಥ ಹಿಡಿದುಕೊಂಡೇ ಹೊರಟವರು. ಟುಲೂಸ್‌ನಲ್ಲಿ ಮಗಳು ಹುಟ್ಟಿದಾಗ ಸಿಲ್ವಿ ಅಂತ ಇಟ್ಟೆವು. ಲ್ಯಾಟಿನ್ನಿನಲ್ಲಿ 'ಸಿಲ್ವಾ' ಅಂದರೆ ಕಾಡು. ನಮ್ಮದು ತೀರ್ಥಹಳ್ಳಿ ಕಡೆ. ಕಾಡಿನ ಹೆಸರು, ಊರಲ್ಲಿರುವ ಅಜ್ಜಿಯ ಬಾಯಿಗೂ ಸುಲಭ, ಇನ್ನೇನು ಬೇಕು ಅನ್ನಿಸಿತು. ಆ ಹೆಸರಿನವರಿಗೆ ಈಗ ಎಷ್ಟು ವಯಸ್ಸು ಅಂತ ಮಾತ್ರ ನೋಡಲಿಲ್ಲ. ಸಿಲ್ವಿ 1960ರ ಆಸುಪಾಸಿನಲ್ಲಿ ಮನೆಮನೆಯಲ್ಲೂ ಇಟ್ಟ ಹೆಸರು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ರಿಸೆಪ್ಷನ್‌ನಲ್ಲಿ ಕೂತವರು ಪಟ್ಟಿ ನೋಡಿ, ನನ್ನ ಹಿಂದೆ ಬಾಗಿಲ ಕಡೆ ಕಣ್ಣು ಹಾಯಿಸಿ, "ಮದಾಮ್ ಬರಲಿಲ್ವಾ?" ಅನ್ನುತ್ತಿದ್ದರು. ಇವಳು ಕೌಂಟರಿಗಿಂತ ಗಿಡ್ಡ, ಕಾಣಿಸುತ್ತಲೇ ಇರಲಿಲ್ಲ. ಶಾಲೆಯಲ್ಲಿ ಇನ್ನೊಬ್ಬ ಸಿಲ್ವಿ ಇದ್ದರು, ಊಟ ಬಡಿಸುವವರು, ನಿವೃತ್ತಿಗೆ ಹತ್ತಿರ. ನನಗೆ ಯಾಕೆ ಅಜ್ಜಿ ಹೆಸರು ಅಂತ ಒಂದು ದಿನ ಮಗಳು ಅತ್ತಳು. ಆಗ ಹೋಗಿ ನೋಡಿದೆ. ಅಲ್ಲಿನ ಅಂಕಿಅಂಶ ಇಲಾಖೆ ಇನ್‌ಸೀ, 1900ರಿಂದ ಯಾವ ಹೆಸರು ಯಾವ ವರ್ಷ ಎಷ್ಟು ಮಕ್ಕಳಿಗೆ ಇಟ್ಟರು ಅಂತ ಪುಕ್ಕಟೆ ಕೊಡುತ್ತದೆ. ಗ್ರಾಫಿನಲ್ಲಿ ಸಿಲ್ವಿಯ ಗೆರೆ ಗುಡ್ಡದ ಹಾಗೆ ಏರಿ ಇಳಿದು ನೆಲಕ್ಕೆ ಅಂಟಿಕೊಂಡಿತ್ತು. ಅರ್ಥ ಹುಡುಕುತ್ತಾ ರಾತ್ರಿಗಟ್ಟಲೆ ಕೂತವರು ನಾವು. ಆ ಗೆರೆ ನೋಡಲು ಒಂದು ನಿಮಿಷ ಸಾಕಿತ್ತು.

ನತಾಲಿಯದೂ ಅದೇ ಕಥೆ. ಫ್ರೆಂಚ್ ಗಾಯಕ ಜಿಲ್ಬೇರ್ ಬೆಕೋ 1964ರಲ್ಲಿ ಅದೇ ಹೆಸರಿನ ಹಾಡು ಹಾಡಿದರು. ಆ ದಶಕದ ಕೊನೆಯಲ್ಲಿ ದೇಶದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಇಟ್ಟ ಹೆಸರು ನತಾಲಿ. ಅವರಿಗೆಲ್ಲ ಈಗ ಐವತ್ತು ದಾಟಿದೆ. ನಮ್ಮಲ್ಲಿ ಈಗ ಹುಟ್ಟಿದ ಕೂಸಿಗೆ ಸರೋಜಮ್ಮ ಅಂತ ಇಡುತ್ತೇವಾ? ಅರ್ಥ ಎಷ್ಟು ಚೆಂದ ಇದ್ದರೂ ಇಡಲ್ಲ, ಅಲ್ವಾ?

ಹಳೇ ಹೆಸರೇ ಇಷ್ಟ ಅಂದರೆ ಇನ್ನೂ ಹಿಂದಕ್ಕೆ ಹೋಗಿ. ಮುತ್ತಜ್ಜಿಯರ ಕಾಲದ ಲುಯೀಜ್, ಝಾನ್, ಅಲೀಸ್ ಎಲ್ಲ ತಿರುಗಿ ಬಂದಿವೆ. ಅಮ್ಮಂದಿರ, ಅತ್ತೆಯರ ವಯಸ್ಸಿನ ಹೆಸರು ಬೇಡ.

ಕನ್ನಡದ ಹೆಸರೊಂದನ್ನು ಎರಡನೆಯದಾಗಿ ಖಂಡಿತ ಬರೆಸಿ. ಜನನ ಪತ್ರದಲ್ಲಿರುವ ಯಾವ ಹೆಸರನ್ನಾದರೂ ದಿನಬಳಕೆಗೆ ಆರಿಸಿಕೊಳ್ಳಲು ಅಲ್ಲಿನ ಸಿವಿಲ್ ಕೋಡಿನ 57ನೇ ವಿಧಿ ಅವಕಾಶ ಕೊಡುತ್ತದೆ. ನಮ್ಮವಳಿಗೆ ಎರಡನೇ ಹೆಸರು ತುಂಗಾ ಅಂತ ಹಾಕಿಸಿದ್ದೆವು. ಈಗ ಶಾಲೆಯಲ್ಲಿ ಅವಳು ತುಂಗಾ. ನಿಮ್ಮಿಬ್ಬರ ಚರ್ಚೆಯನ್ನು ಹೆರಿಗೆಗೆ ಮುಂಚೆಯೇ ಮುಗಿಸಿಬಿಡಿ. ಮಗು ಹುಟ್ಟಿದ ಮೇಲೆ ಮೇರಿಯಲ್ಲಿ, ಅಂದರೆ ಪುರಸಭೆಯಲ್ಲಿ, ನೋಂದಾಯಿಸಲು ಇರುವುದು 5 ದಿನ ಮಾತ್ರ.